ಗುಂಡನ ತೂಕದ ಲೆಕ್ಕ

ನಮ್ಮ ನಾಯಿ ಗುಂಡನ ತಾಯಿ ಗ್ರೇಟ್ ಡೇನ್ ಎಂಬ ದೈತ್ಯ ತಳಿ. ಅಪ್ಪ ಯಾರೆಂದು ಖಾತ್ರಿಯಿಲ್ಲ. ಅಗಲ ಮೂತಿ, ಜೋಲು ತುಟಿ ನೋಡಿದವರು ಮ್ಯಾಸ್ಟಿಫ್ ಇರಬೇಕು ಅನ್ನುತ್ತಾರೆ, ಅದೂ ದೈತ್ಯ ತಳಿಯೇ. ಈಗ ಏಳು ವರ್ಷ ದಾಟಿದೆ, 58 ಕೆ.ಜಿ. ತೂಗುತ್ತಾನೆ. ಮನೆಗೆ ಬಂದವರ ಮೊದಲ ಮಾತು ‘ಅಬ್ಬಾ, ಎಷ್ಟು ದೊಡ್ಡದು!’ ಎರಡನೆಯದು ‘ಸ್ವಲ್ಪ ಸೊರಗಿದ ಹಾಗಿದೆ, ಸರಿಯಾಗಿ ಊಟ ಹಾಕ್ತೀರಾ?’ ಆ ಎರಡನೇ ಮಾತು ಕಿವಿಗೆ ಬಿದ್ದರೆ ನನಗೆ ಖುಷಿ. ಇಷ್ಟು ವರ್ಷ ನಾವು ಮಾಡಿಕೊಂಡು ಬಂದಿರುವುದೇ ಅದನ್ನು: ಅವನ ಮೈಯಲ್ಲಿ ಬೇಡದ ತೂಕ ಏರದಂತೆ ನೋಡಿಕೊಳ್ಳುವುದು.

ಶುದ್ಧ ತಳಿಯಾದರೆ ಯಾವ ತಿಂಗಳಿಗೆ ಎಷ್ಟು ತೂಕವಿರಬೇಕು ಎಂಬುದಕ್ಕೆ ಒಂದು ಅಂದಾಜು ಸಿಗುತ್ತದೆ. ಮಿಶ್ರ ತಳಿಗೆ ಆ ಅನುಕೂಲವಿಲ್ಲ. ಮಿಶ್ರ ತಳಿಗಳು ಗಟ್ಟಿ, ಕಾಯಿಲೆ ಕಡಿಮೆ ಎಂದು ಎಲ್ಲರೂ ಧೈರ್ಯ ಹೇಳುತ್ತಾರೆ. ಸ್ವಲ್ಪ ನಿಜವಿರಬಹುದು. ಆದರೆ ಸೊಂಟದ ಕೀಲು ಸಡಿಲವಾಗುವುದು, ಹೊಟ್ಟೆ ತಿರುಚಿಕೊಳ್ಳುವುದು, ಮೂಳೆ ಕ್ಯಾನ್ಸರ್ ಇವೆಲ್ಲ ದೊಡ್ಡ ಗಾತ್ರದ ಬೆನ್ನಿಗೇ ಬರುವ ಕಾಯಿಲೆಗಳು. ತಂದೆ ತಾಯಿ ಇಬ್ಬರೂ ದೈತ್ಯರಾದ ಮೇಲೆ ತಳಿ ಬೆರೆತಿದೆ ಎಂದು ನಿಶ್ಚಿಂತೆಯಾಗಿರಲು ಬರುವುದಿಲ್ಲ.

ಮರಿಯಾಗಿದ್ದಾಗ ಬಂದ ಸಲಹೆಗಳಲ್ಲಿ ಅರ್ಧಕ್ಕರ್ಧ ಕ್ಯಾಲ್ಸಿಯಂ ಟಾನಿಕ್ಕಿನದೇ. ‘ಅಷ್ಟು ದೊಡ್ಡ ಮೂಳೆ, ಬೇಡವೇ?’ ಬೇಡ. ಎಳೆ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಕೊಟ್ಟದ್ದರಲ್ಲಿ ಬಹುಪಾಲು ಒಳಗೆ ಹೋಗುತ್ತದೆ, ಮೂಳೆ ಬೆಳೆಯುವ ರೀತಿಯೇ ಕೆಡುತ್ತದೆ. ದೊಡ್ಡ ತಳಿಯ ಮರಿಗಳಿಗೆಂದೇ ಮಾಡಿದ, ಕ್ಯಾಲ್ಸಿಯಂ ಮಿತಿಯಲ್ಲಿಟ್ಟ ಆಹಾರವನ್ನು ಅಳೆದು ಹಾಕಿದೆವು, ಅದರ ಮೇಲೆ ಇನ್ನೇನೂ ಇಲ್ಲ. ಇಂಥ ನಾಯಿಗಳು ಒಂದೂವರೆ ವರ್ಷದಿಂದ ಎರಡು ವರ್ಷದವರೆಗೂ ಬೆಳೆಯುತ್ತಲೇ ಇರುತ್ತವೆ, ಅವಸರ ಮಾಡುವುದರಲ್ಲಿ ಅರ್ಥವಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಬೆಳವಣಿಗೆ ಮುಗಿಯುವವರೆಗೆ ಮುಂದೂಡಿದೆವು.

ತೂಕ ಸರಿಯಾಗಿದೆಯೇ ಎಂದು ತಿಳಿಯಲು ತಕ್ಕಡಿಗಿಂತ ನನಗೆ ಕೈಯೇ ಹೆಚ್ಚು ನಂಬಿಕೆ. ಮುಷ್ಟಿ ಕಟ್ಟಿ ಗೆಣ್ಣುಗಳ ಮೇಲೆ ಬೆರಳಾಡಿಸಿ ನೋಡಿ. ಪಕ್ಕೆಲುಬು ಹಾಗೆ ಸಿಕ್ಕರೆ ನಾಯಿ ಬಡಕಲು. ಅಂಗೈಯ ಬುಡದ ಮೆತ್ತನೆ ಭಾಗ ಒತ್ತಿದ ಹಾಗಿದ್ದರೆ ಕೊಬ್ಬು ಜಾಸ್ತಿ. ಕೈಯನ್ನು ಚಪ್ಪಟೆ ಚಾಚಿ ಅದರ ಹಿಂಭಾಗ ಸವರಿದಾಗ ಸಿಗುವಷ್ಟು ಸಿಕ್ಕರೆ ಸರಿ. ಭಾನುವಾರ ಬೆಳಿಗ್ಗೆ ಗುಂಡ ಬಿಸಿಲಿಗೆ ಮೈಚಾಚಿ ನಿಂತಾಗ ಈ ಪರೀಕ್ಷೆ ನಡೆಯುತ್ತದೆ. ಎಲುಬು ಸ್ವಲ್ಪ ಮರೆಯಾದರೆ ಆ ವಾರ ಬಟ್ಟಲಿಗೆ ಒಂದು ಹಿಡಿ ಕಡಿಮೆ. 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಶೇ 25ರಷ್ಟು ಕಡಿಮೆ ಆಹಾರ ಕೊಟ್ಟು ಬೆಳೆಸಿದ್ದರು. ತೆಳ್ಳಗಿದ್ದವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಕೀಲುನೋವೂ ತಡವಾಗಿ ಬಂತು. ದೈತ್ಯ ನಾಯಿಗಳಲ್ಲಿ ಬಹಳಷ್ಟು ಎಂಟು–ಹತ್ತು ವರ್ಷದೊಳಗೇ ಹೋಗುತ್ತವೆ. ಗುಂಡ ಲ್ಯಾಬ್ರಡಾರ್ ಅಲ್ಲ, ಒಪ್ಪುತ್ತೇನೆ. ಆದರೂ ಆ ಎರಡು ವರ್ಷದ ಆಸೆಗೆ ಒಂದು ಹಿಡಿ ಊಟ ದೊಡ್ಡದಲ್ಲ.

ಕಲಿಸುವುದಿದ್ದರೆ ಎತ್ತಿಕೊಳ್ಳಲು ಆಗುವ ವಯಸ್ಸಿನಲ್ಲೇ ಕಲಿಸಬೇಕು. ಹತ್ತು ಕೆ.ಜಿ. ಮರಿ ಎದೆಗೆ ನೆಗೆದರೆ ಎಲ್ಲರಿಗೂ ಮುದ್ದು, ಐವತ್ತು ಕೆ.ಜಿ. ನೆಗೆದರೆ ಅಜ್ಜಿಯ ಸೊಂಟ ಮುರಿಯುತ್ತದೆ. ನಾಲ್ಕೂ ಕಾಲು ನೆಲದ ಮೇಲಿದ್ದರೆ ಮಾತ್ರ ಮುದ್ದು ಎಂಬ ನಿಯಮವನ್ನು ಮೊದಲ ವಾರದಿಂದಲೇ ಮನೆಮಂದಿಯೆಲ್ಲ ಪಾಲಿಸಿದೆವು. ಹಗ್ಗ ಜಗ್ಗಿದರೆ ನಾನು ಅಲ್ಲೇ ನಿಂತುಬಿಡುತ್ತಿದ್ದೆ, ಸಡಿಲವಾದರೆ ಮುಂದಿನ ಹೆಜ್ಜೆ. ಬಾಯಿ ತೆರೆಸುವುದು, ಕಿವಿ ನೋಡುವುದು, ಉಗುರು ಕತ್ತರಿಸುವುದನ್ನೆಲ್ಲ ಆಗಲೇ ರೂಢಿ ಮಾಡಿಸಿದೆವು. ಬಲ ಹಾಕಿ ಹಿಡಿದುಕೊಳ್ಳುತ್ತೇನೆ ಎಂಬ ಮಾತು ಈ ಗಾತ್ರದ ನಾಯಿಯ ಮುಂದೆ ನಡೆಯುವುದಿಲ್ಲ.

ನನಗೆ ನಿಜವಾಗಿ ಹೆದರಿಕೆ ಇರುವುದು ಹೊಟ್ಟೆಯ ವಿಷಯದಲ್ಲಿ. ಎದೆ ಆಳವಾಗಿರುವ ನಾಯಿಗಳಲ್ಲಿ ಜಠರ ಗಾಳಿ ತುಂಬಿ ಉಬ್ಬಿ, ತಿರುಚಿಕೊಳ್ಳಬಹುದು. ಗಾಳಿ ಹೊರಬರಲು ದಾರಿಯಿಲ್ಲ, ರಕ್ತ ಓಡಾಟ ನಿಲ್ಲುತ್ತದೆ, ಕೆಲವೇ ಗಂಟೆಗಳಲ್ಲಿ ಜೀವಕ್ಕೇ ಸಂಚಕಾರ. ನಾಯಿ ವಾಂತಿಗೆ ಒಂದೇ ಸಮನೆ ಓಕರಿಸುತ್ತದೆ, ನೊರೆ ಬಿಟ್ಟು ಏನೂ ಬರುವುದಿಲ್ಲ. ಕೂರಲೂ ಆಗದೆ ಮಲಗಲೂ ಆಗದೆ ಸುತ್ತುತ್ತದೆ, ಜೊಲ್ಲು ಸುರಿಸುತ್ತದೆ, ಪಕ್ಕೆಲುಬಿನ ಹಿಂದೆ ಹೊಟ್ಟೆ ಡೋಲಿನಂತೆ ಬಿಗಿಯುತ್ತದೆ. ಓಕರಿಕೆ, ಚಡಪಡಿಕೆ ಎರಡೂ ಒಟ್ಟಿಗೆ ಕಂಡರೆ ಹೊಟ್ಟೆ ಉಬ್ಬಲಿ ಎಂದು ಕಾಯುವುದಿಲ್ಲ, ಮನೆಮದ್ದೂ ಇಲ್ಲ; ನೇರ ಆಸ್ಪತ್ರೆಗೆ, ಅಪರಾತ್ರಿಯಾದರೂ. ರಾತ್ರಿ ತೆರೆದಿರುವ ಪ್ರಾಣಿ ಆಸ್ಪತ್ರೆ ಯಾವುದು, ದಾರಿ ಯಾವುದು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿದೆ. ಸಂತಾನಹರಣದ ಹೊತ್ತಿಗೇ ಜಠರವನ್ನು ಹೊಟ್ಟೆಯ ಒಳಗೋಡೆಗೆ ಹೊಲಿಸಿದ್ದೇವೆ. ಗ್ಯಾಸ್ಟ್ರೋಪೆಕ್ಸಿ ಎನ್ನುತ್ತಾರೆ. ಉಬ್ಬುವುದನ್ನು ಅದು ತಡೆಯದು, ತಿರುಚುವುದನ್ನು ಬಹುಮಟ್ಟಿಗೆ ತಡೆಯುತ್ತದೆ. ಊಟವನ್ನು ಮೂರು ಹೊತ್ತಿಗೆ ಹಂಚಿ, ಗಬಗಬನೆ ನುಂಗಲಾಗದ ಏರಿಳಿತದ ಬಟ್ಟಲಿನಲ್ಲಿ ಕೊಡುತ್ತೇವೆ. ಬಟ್ಟಲನ್ನು ಎತ್ತರದಲ್ಲಿಟ್ಟರೆ ಒಳ್ಳೆಯದು ಎಂದು ಹೇಳುವವರಿದ್ದಾರೆ. 2000ರ ಅಮೆರಿಕದ ಅಧ್ಯಯನವೊಂದರಲ್ಲಿ ಎತ್ತರದ ಬಟ್ಟಲಿನಲ್ಲಿ ತಿನ್ನುವ ನಾಯಿಗಳಿಗೇ ಅಪಾಯ ಹೆಚ್ಚು ಕಂಡಿತ್ತು. ನಮ್ಮದು ನೆಲದ ಮೇಲೇ ಇದೆ.

ಜೊಲ್ಲಿಗೆ ಕೋಣೆಗೊಂದು ಬಟ್ಟೆ, ಅಷ್ಟೇ. ಗೋಡೆಗೆ ಹತ್ತಿದ್ದು ಒಣಗುವ ಮುಂಚೆ ಒರೆಸಿದರೆ ಕಲೆ ಉಳಿಯದು.

ಗಟ್ಟಿ ನೆಲದ ಮೇಲೆ ಧೊಪ್ಪೆಂದು ಬೀಳುವ ಅಭ್ಯಾಸದಿಂದ ಅವನ ಮೊಣಕೈಗಳ ರೋಮ ಉದುರಿ ಜಡ್ಡುಗಟ್ಟಿತ್ತು. ಒತ್ತಿದರೆ ಕೆಳಗಿನ ನೆಲ ತಾಗದಷ್ಟು ದಪ್ಪನೆಯ ಫೋಮ್ ಹಾಸಿಗೆ ಹಾಕಿದ ಮೇಲೆ ಅದು ಹೆಚ್ಚಾಗಲಿಲ್ಲ. ಒಂದೇ ಹಾಸಿಗೆ ಸಾಲದು, ನಾವು ಕೂರುವ ಕೋಣೆಯಲ್ಲೂ ಒಂದು ಬೇಕು. ನಮ್ಮನ್ನು ಬಿಟ್ಟು ಅವನು ಮಲಗುವವನಲ್ಲ.

ಈ ವರ್ಷ ಹಿಂಗಾಲು ಸ್ವಲ್ಪ ಸೋಲತೊಡಗಿದೆ. ನುಣುಪು ನೆಲದ ಮೇಲೆ ಅವನು ಓಡಾಡುವ ದಾರಿಯುದ್ದಕ್ಕೂ ರಬ್ಬರ್ ತಳದ ಚಾಪೆ ಹಾಸಿದ್ದೇವೆ. ಕಾರು ಹತ್ತಲು ಇಳಿಜಾರು ಹಲಗೆಯಿದೆ. ಬಳಸಲು ಕಲಿಸಿದ್ದು ಅವನು ಚೆನ್ನಾಗಿ ನೆಗೆಯುತ್ತಿದ್ದ ಕಾಲದಲ್ಲೇ. ನೋವಿನ ಮಾತ್ರೆ ವೈದ್ಯರು ಬರೆದದ್ದು ಮಾತ್ರ. ನಾವು ನುಂಗುವ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ನಾಯಿಗೆ ವಿಷವಾಗಬಹುದು, ಎಷ್ಟೇ ದೊಡ್ಡ ನಾಯಿಯಾದರೂ. ಎದ್ದು ನಿಲ್ಲಲು ಕಷ್ಟಪಟ್ಟರೆ ಹೊಟ್ಟೆಯ ಹಿಂಭಾಗದಡಿ ದಪ್ಪ ಟವೆಲ್ ತೂರಿಸಿ ಎರಡೂ ತುದಿ ಹಿಡಿದು ಎತ್ತುತ್ತೇನೆ. ಭಾರವೆಲ್ಲ ಎತ್ತಬೇಕಿಲ್ಲ, ಕಾಲು ಊರಲು ಆಸರೆ ಸಿಕ್ಕರೆ ಉಳಿದದ್ದನ್ನು ಅವನೇ ಮಾಡಿಕೊಳ್ಳುತ್ತಾನೆ. 58ರ ಬದಲು 70 ಇದ್ದಿದ್ದರೆ ಇದು ನನ್ನೊಬ್ಬಳಿಂದ ಆಗುವ ಕೆಲಸವಾಗಿರುತ್ತಿರಲಿಲ್ಲ.