ಪನ್ನೀರು ಗುಲಾಬಿ: ಒಂದು ಕಡ್ಡಿ ಸಾಕು

ಅಂಗಡಿಯ ಉದ್ದ ಕಡ್ಡಿಯ ಗುಲಾಬಿಯನ್ನು ಮೂಗಿಗೆ ಹಿಡಿದರೆ ಎಷ್ಟೋ ಸಲ ಪರಿಮಳವೇ ಇರುವುದಿಲ್ಲ, ಅಲ್ವಾ? ಪನ್ನೀರು ಗುಲಾಬಿ ಹಾಗಲ್ಲ. ತಿಳಿ ಗುಲಾಬಿ ಬಣ್ಣ, ಒತ್ತೊತ್ತಾದ ತೆಳು ಎಸಳು. ಬಾಲ್ಕನಿಯಲ್ಲಿ ಒಂದು ಅರಳಿದ್ದರೂ ಬಾಗಿಲು ತೆಗೆದ ತಕ್ಷಣ ಗೊತ್ತಾಗುತ್ತದೆ.

ಇದನ್ನು ಎಡ್ವರ್ಡ್ ರೋಸ್ ಎಂದೂ ಕರೆಯುತ್ತಾರೆ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಚೀನಾ ಗುಲಾಬಿಯೂ ಡಮಾಸ್ಕ್ ಗುಲಾಬಿಯೂ ಬೆರೆತು ಹುಟ್ಟಿದ ತಳಿ ಇದು. ಪರಿಮಳ ಡಮಾಸ್ಕಿನದು, ಮತ್ತೆ ಮತ್ತೆ ಹೂ ಬಿಡುವ ಗುಣ ಚೀನಾದ್ದು. ನಮ್ಮಲ್ಲಿ ಕಸಿ ಕಟ್ಟಲು ಬೇರುಗಿಡವಾಗಿಯೂ, ಅಂದರೆ ಬೇರೆ ತಳಿಯನ್ನು ಮೇಲೆ ಕೂರಿಸುವ ಬುಡದ ಗಿಡವಾಗಿಯೂ, ಇದನ್ನು ಬಳಸುತ್ತಾ ಬಂದಿದ್ದಾರೆ. ಒಮ್ಮೆ ನಾನು ತಂದ ಕೆಂಪು ಗುಲಾಬಿಯ ಕಸಿ ಒಣಗಿಹೋಯಿತು. ಬುಡದಿಂದ ಎದ್ದ ಚಿಗುರಲ್ಲಿ ಗುಲಾಬಿ ಬಣ್ಣದ ಹೂ ಬಿಟ್ಟಾಗ, ಗಿಡವೇ ಬಣ್ಣ ಬದಲಿಸಿತು ಅಂದುಕೊಂಡಿದ್ದೆ. ಅದು ಕೆಳಗಿದ್ದ ಪನ್ನೀರು ಗುಲಾಬಿ! ಅಂದಿನಿಂದ ಇದನ್ನೇ ಬೆಳೆಸುತ್ತಿದ್ದೇನೆ.

ಕಡ್ಡಿ ನೆಡುವುದು

ಕಸಿ ಬೇಕಿಲ್ಲ, ದುಡ್ಡೂ ಬೇಕಿಲ್ಲ. ಗಿಡ ಇರುವ ಮನೆಯಲ್ಲಿ ಕೇಳಿ ಪೆನ್ಸಿಲ್ ದಪ್ಪದ, ಬಲಿತ ಕಡ್ಡಿ ತನ್ನಿ. ಏಳೆಂಟು ಅಂಗುಲ ಉದ್ದ, ಮೂರು ನಾಲ್ಕು ಗೆಣ್ಣು ಇರಲಿ. ಕೆಳತುದಿಯನ್ನು ಗೆಣ್ಣಿನ ಕೆಳಗೇ ಓರೆಯಾಗಿ ಕತ್ತರಿಸಿ. ಎಲೆ ತೆಗೆದು, ಎರಡು ಗೆಣ್ಣು ಮುಚ್ಚುವಷ್ಟು ಒದ್ದೆ ಮರಳು ಮಿಶ್ರಿತ ಮಣ್ಣಿಗೆ ಊರಿ ನೆರಳಲ್ಲಿಡಿ. ಮಳೆಗಾಲ ಇದಕ್ಕೆ ಒಳ್ಳೆಯ ಸಮಯ.

ಹೆಚ್ಚಿನವರು ತಪ್ಪುವುದು ಇಲ್ಲೇ. ಎರಡು ವಾರಕ್ಕೆ ಚಿಗುರು ಕಂಡ ಕೂಡಲೇ ಕಿತ್ತು ಬೇರೆ ಕಡೆ ನೆಡುತ್ತಾರೆ. ಮೊದಲ ಚಿಗುರು ಕಡ್ಡಿಯಲ್ಲಿ ಉಳಿದಿದ್ದ ಸತ್ವದಿಂದ ಬರುವಂಥದ್ದು, ಆಗ ಬೇರು ಇರದೆಯೂ ಇರಬಹುದು. ಎಳೆದು ನೋಡಬೇಡಿ. ಎರಡು ತಿಂಗಳು ಸುಮ್ನೆ ಬಿಡಿ.

ಕುಂಡ, ಬಿಸಿಲು, ನೀರು

ಕನಿಷ್ಠ 12 ಅಂಗುಲದ ಕುಂಡ ಬೇಕು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು, ಒಂದು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ ಹಾಕಿದರೆ ಬೇರು ಸುಡುತ್ತದೆ. ದಿನಕ್ಕೆ ಆರು ಗಂಟೆ ಬಿಸಿಲು ಬೇಕೇ ಬೇಕು. ಅದು ಇಲ್ಲದ ಕಡೆ ಎಲೆ ಬರುತ್ತದೆ, ಹೂ ಬರುವುದು ಕಷ್ಟ. ಮೇಲಿನ ಮಣ್ಣು ಒಣಗಿದಾಗ ಬೆಳಿಗ್ಗೆ ಬುಡಕ್ಕೆ ನೀರು ಹಾಕಿ. ಎಲೆ ಒದ್ದೆಯಾಗಿಯೇ ಉಳಿದರೆ ಕಪ್ಪು ಚುಕ್ಕೆ ರೋಗ ಜಾಸ್ತಿ.

ಅಕ್ಟೋಬರ್ ಕತ್ತರಿ

ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾದ ಕೆಲಸ ಇದು. ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಮುಂಗಾರು ಹಿಂದೆ ಸರಿಯುವ ಅಕ್ಟೋಬರ್ ಹೊತ್ತಿಗೆ, ಒಂದು ವರ್ಷ ದಾಟಿದ ಗಿಡವನ್ನು ಅರ್ಧಕ್ಕೆ ಇಳಿಸಬೇಕು. ಒಣಗಿದ್ದು, ಒಳಕ್ಕೆ ತಿರುಗಿದ್ದು, ಒಂದಕ್ಕೊಂದು ಉಜ್ಜುವ ಕಡ್ಡಿ ಮೊದಲು ಹೋಗಲಿ. ಉಳಿದದ್ದನ್ನು ಹೊರಗೆ ಮುಖ ಮಾಡಿದ ಮೊಗ್ಗುಕಣ್ಣಿನ ಕಾಲು ಅಂಗುಲ ಮೇಲೆ ಓರೆಯಾಗಿ ಕತ್ತರಿಸಿ. ಆಗ ಚಿಗುರು ಹೊರಗೆ ಹರಡುತ್ತದೆ, ಗಿಡದ ನಡುವೆ ಗಾಳಿ ಆಡುತ್ತದೆ.

ಪ್ರತಿ ಸಲ ಕತ್ತರಿಸಿದ ಮೇಲೆ ಕಡ್ಡಿಯ ತುದಿಯನ್ನು ನೋಡಿ. ನಡುವಿನ ತಿರುಳು ಬಿಳಿಯಾಗಿದ್ದರೆ ಸರಿ. ಕಂದು ಬಣ್ಣ ಇದ್ದರೆ ತುದಿಯಿಂದ ಒಣಗುವ ರೋಗ ಒಳಗೆ ಇಳಿದಿದೆ ಎಂದರ್ಥ. ಬಿಳಿ ತಿರುಳು ಕಾಣುವವರೆಗೂ ಇನ್ನಷ್ಟು ಕೆಳಗೆ ಕತ್ತರಿಸುತ್ತಾ ಹೋಗಿ. ಅಯ್ಯೋ ಪಾಪ ಅಂತ ಬಿಟ್ಟರೆ ಇಡೀ ಕೊಂಬೆ ಹೋಗುತ್ತದೆ.

ಚಿಗುರೊಡೆದ ಮೇಲೆ ಗೊಬ್ಬರ ಕೊಡಿ. ಕಡಲೆಕಾಯಿ ಹಿಂಡಿಯನ್ನು ಮೂರು ದಿನ ನೆನೆಸಿ, ತಿಳಿಗೆ ಹತ್ತು ಪಾಲು ನೀರು ಬೆರೆಸಿ, ಹದಿನೈದು ದಿನಕ್ಕೊಮ್ಮೆ ಹಾಕಿ. ಕತ್ತರಿಸಿದ ಸುಮಾರು ಒಂದೂವರೆ ತಿಂಗಳಿಗೆ ಗಿಡ ತುಂಬ ಮೊಗ್ಗು!

ಬೇಸಿಗೆಯಲ್ಲಿ ಎಲೆ ಮಂಕಾದರೆ ಹಿಂಬದಿ ನೋಡಿ. ಸಣ್ಣ ಬಲೆ, ಧೂಳಿನಂಥ ಚುಕ್ಕೆ ಕಂಡರೆ ಕೆಂಪು ನುಸಿ. ಒಂದು ಲೀಟರ್ ನೀರಿಗೆ 5 ಎಂ.ಎಲ್. ಬೇವಿನೆಣ್ಣೆ, ಎರಡು ಹನಿ ಸೋಪಿನ ದ್ರವ ಬೆರೆಸಿ ಸಂಜೆ ಹೊತ್ತು ಎಲೆಯ ಕೆಳಗೂ ಸಿಂಪಡಿಸಿ.

ಹೂವನ್ನು ಬಿಸಿಲೇರುವ ಮೊದಲೇ ಬಿಡಿಸಿ. ಮುಡಿಗೆ, ದೇವರಿಗೆ ಆಗಿ ಉಳಿದ ಎಸಳಿಗೆ ಅಷ್ಟೇ ತೂಕದ ಕಲ್ಲುಸಕ್ಕರೆ ಪುಡಿ ಸೇರಿಸಿ, ಗಾಜಿನ ಭರಣಿಯಲ್ಲಿ ಬಿಸಿಲಿಗಿಟ್ಟರೆ ಗುಲ್ಕನ್. ಔಷಧಿ ಹೊಡೆದ ಗಿಡದ ಹೂ ಮಾತ್ರ ಇದಕ್ಕೆ ಬೇಡ.