ಗಂಟಲು ಕಟ್ಟಿದ ವರ್ಷ

ಹಾಸನ ಜಿಲ್ಲೆಯ ಮಲೆನಾಡಿನ ಸೆರಗಿನಲ್ಲಿರುವ ನಮ್ಮ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಐದು ತರಗತಿಗಳಿವೆ, ಎರಡು ಕೋಣೆಗಳಿವೆ, ಇಬ್ಬರು ಶಿಕ್ಷಕರಿದ್ದೇವೆ. ಒಂದರಿಂದ ಮೂರನೆಯ ತರಗತಿಯವರೆಗಿನ 22 ಮಕ್ಕಳು ಮೂರೂ ತರಗತಿಗಳು ಒಟ್ಟಿಗೆ ಕುಳಿತು ಕಲಿಯುವ ನಲಿಕಲಿ ಕೋಣೆಯಲ್ಲಿ ನನ್ನ ಬಳಿ ಇರುತ್ತಾರೆ. ನಾಲ್ಕು ಮತ್ತು ಐದನೆಯ ತರಗತಿಗಳನ್ನು, ಮುಖ್ಯ ಶಿಕ್ಷಕರ ಪ್ರಭಾರವನ್ನೂ ಹೊತ್ತಿರುವ ಸಹೋದ್ಯೋಗಿ ಮೇಷ್ಟ್ರು ನೋಡಿಕೊಳ್ಳುತ್ತಾರೆ. ನನ್ನ ಕೋಣೆಗೆ ತಗಡಿನ ಸೂರು. ಆಷಾಢದ ಮಳೆ ಹಿಡಿದರೆ ಆ ಸೂರಿನ ಕೆಳಗೆ ಪಕ್ಕದಲ್ಲಿ ಕುಳಿತವರ ಮಾತೂ ಕೇಳಿಸುವುದಿಲ್ಲ. ಹದಿನೇಳು ವರ್ಷಗಳ ಕಾಲ ಒಂದಲ್ಲ ಒಂದು ಶಾಲೆಯಲ್ಲಿ ಇಂಥ ಸದ್ದನ್ನು ಮೀರಿಸಿ ಕೂಗುತ್ತಲೇ ಪಾಠ ಮಾಡಿದ ನನಗೆ 2023ರ ಜುಲೈನಲ್ಲಿ ಗಂಟಲು ಕಟ್ಟಿತು.

ಮೊದಲು ಅದನ್ನು ನೆಗಡಿಯೆಂದುಕೊಂಡೆ. ಕಾಳುಮೆಣಸಿನ ಕಷಾಯ, ಜೇನುತುಪ್ಪ, ಜ್ಯೇಷ್ಠಮಧುವಿನ ತುಂಡು, ರಾತ್ರಿ ಅರಿಶಿನದ ಹಾಲು, ಹೀಗೆ ಮನೆಮದ್ದುಗಳೆಲ್ಲ ಮುಗಿದರೂ ಸ್ವರ ತೆರೆಯಲಿಲ್ಲ. ಸ್ವಾತಂತ್ರ್ಯ ದಿನಾಚರಣೆಯಂದು ಮಕ್ಕಳ ಸಾಲಿನ ಮುಂದೆ ನಿಂತು ‘ಸಾವಧಾನ್’ ಎನ್ನಲು ಬಾಯಿ ತೆರೆದರೆ ಬರಿಯ ಗಾಳಿ ಹೊರಬಂದಿತು. ಧ್ವನಿ ಒಡೆದು ಎರಡು ಮೂರು ವಾರಗಳಾದರೂ ಸರಿಹೋಗದಿದ್ದರೆ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಲೇಬೇಕೆಂಬುದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೋಗುತ್ತಿದ್ದೆನೋ ಇಲ್ಲವೋ ಹೇಳಲಾರೆ. ಏಕೆಂದರೆ ಇಬ್ಬರೇ ಇರುವ ಶಾಲೆಯಲ್ಲಿ ಒಬ್ಬರು ರಜೆ ಹಾಕಿದರೆ ಐದೂ ತರಗತಿಗಳು ಇನ್ನೊಬ್ಬರ ತಲೆಗೆ ಬರುತ್ತವೆ, ಮತ್ತು ಆ ಲೆಕ್ಕವೇ ನಮ್ಮಂಥವರನ್ನು ಜ್ವರ ಬಂದಾಗಲೂ ಶಾಲೆಗೆ ನಡೆಸಿಕೊಂಡು ಹೋಗುತ್ತದೆ.

ಕೊನೆಗೆ ನನ್ನನ್ನು ಆಸ್ಪತ್ರೆಗೆ ಅಟ್ಟಿದವರು ಆ ಸಹೋದ್ಯೋಗಿಯೇ. ‘ಮೇಡಂ, ನೀವು ನಾಳೆ ಬಂದರೆ ಹಾಜರಿ ಪುಸ್ತಕ ಕೊಡುವುದಿಲ್ಲ’ ಎಂದು ನಗುತ್ತಲೇ ಹೇಳಿದರು. ವೈದ್ಯರು ಕ್ಯಾಮೆರಾ ಇಳಿಸಿ ನೋಡಿ, ಎರಡೂ ಧ್ವನಿತಂತುಗಳ ಮೇಲೆ ಸಣ್ಣ ಗಂಟುಗಳಾಗಿವೆ ಎಂದರು. ಗುದ್ದಲಿ ಹಿಡಿಯುವವರ ಅಂಗೈ ಜಡ್ಡುಗಟ್ಟುವ ಹಾಗೆಯೇ ಇದು. ತಂತುಗಳು ಒಂದಕ್ಕೊಂದು ಬಲವಾಗಿ ಬಡಿದುಕೊಳ್ಳುತ್ತಲೇ ಇದ್ದರೆ ಬಡಿದ ಜಾಗ ಗಟ್ಟಿಯಾಗುತ್ತದೆ ಎಂದು ವಿವರಿಸಿದರು. ಶಸ್ತ್ರಚಿಕಿತ್ಸೆಯ ಮಾತು ಸದ್ಯಕ್ಕೆ ಬೇಡ, ಮೊದಲು ಮಾತನಾಡುವ ರೀತಿಯನ್ನು ಬದಲಿಸಿಕೊಳ್ಳಿ ಎಂದು ಹೇಳಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಬರೆದುಕೊಟ್ಟರು.

ಅಲ್ಲಿ ಕಲಿತದ್ದರಲ್ಲಿ ಅರ್ಧದಷ್ಟು ನಾನು ತಿಳಿದುಕೊಂಡಿದ್ದಕ್ಕೆ ವಿರುದ್ಧವಾಗಿತ್ತು. ಗಂಟಲು ಕಟ್ಟಿದಾಗ ಪಿಸುಮಾತಿನಲ್ಲಿ ಪಾಠ ಮಾಡುವುದು ವಿಶ್ರಾಂತಿಯಲ್ಲ. ಒತ್ತಿ ಒತ್ತಿ ಪಿಸುಗುಟ್ಟಿದರೆ ಅದೂ ಶ್ರಮವೇ. ಮಾತಿನ ನಡುನಡುವೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ ಆ ಗಂಟುಗಳ ಮೇಲೆ ಮತ್ತೆ ಮತ್ತೆ ಪೆಟ್ಟು ಹಾಕಿದಂತೆ. ಅದರ ಬದಲು ಉಗುಳು ನುಂಗಬೇಕು ಅಥವಾ ಒಂದು ಗುಟುಕು ನೀರು ಕುಡಿಯಬೇಕು. ಅರ್ಧ ಲೋಟ ನೀರಿನಲ್ಲಿ ಸ್ಟ್ರಾ ಅದ್ದಿ, ‘ಊ’ ಎಂದು ಸ್ವರ ಹೊರಡಿಸುತ್ತಾ ಗುಳ್ಳೆ ಎಬ್ಬಿಸುವ ಅಭ್ಯಾಸವನ್ನು ದಿನಕ್ಕೆ ಮೂರು ಬಾರಿ, ಐದೈದು ನಿಮಿಷ ಮಾಡಲು ಹೇಳಿದರು. ಮನೆಯಲ್ಲಿ ಮಗ ನಕ್ಕ, ಶಾಲೆಯಲ್ಲಿ ಮಕ್ಕಳು ತಮಗೂ ಸ್ಟ್ರಾ ಬೇಕೆಂದರು. ಬೆಳಿಗ್ಗೆ ಪ್ರಾರ್ಥನೆಗೆ ಮುನ್ನ ಇದನ್ನು ಮಾಡಿದ ದಿನ ಮಧ್ಯಾಹ್ನದ ಊಟದವರೆಗೆ ಸ್ವರ ಹಗುರಾಗಿರುವುದು ಸುಮಾರು ಮೂರನೆಯ ವಾರದಿಂದ ನನಗೇ ತಿಳಿಯತೊಡಗಿತು.

ಚಿಕಿತ್ಸೆ ನೀಡುತ್ತಿದ್ದವರು ಒಂದು ದಿನ ಸಹಜವಾಗಿ ಕೇಳಿದ ಪ್ರಶ್ನೆ ನನ್ನನ್ನು ಕಟ್ಟಿಹಾಕಿತು: ಶಾಲೆಯ ಸಮಯದಲ್ಲಿ ಎಷ್ಟು ನೀರು ಕುಡಿಯುತ್ತೀರಿ? ನಿಜವಾದ ಉತ್ತರ, ಇಲ್ಲವೇ ಇಲ್ಲ ಎಂಬುದಾಗಿತ್ತು. ನಮ್ಮ ಶಾಲೆಯ ಶೌಚಾಲಯಕ್ಕೆ ಒಳಚಿಲಕವಿರಲಿಲ್ಲ, ನೀರನ್ನು ಕೊಳವೆಬಾವಿಯಿಂದ ಹೊತ್ತೊಯ್ಯಬೇಕಿತ್ತು. ಆದ್ದರಿಂದ ಬೆಳಿಗ್ಗೆ ಮನೆ ಬಿಟ್ಟ ಮೇಲೆ ಸಂಜೆ ಮನೆ ಸೇರುವವರೆಗೆ ಹೋಗದಂತೆ ದೇಹವನ್ನು ಪಳಗಿಸಿಕೊಂಡಿದ್ದೆ. ಎರಡು ಬಾರಿ ಮೂತ್ರದ ಸೋಂಕಾಗಿದ್ದರೂ ಅದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಯೋಚಿಸಿರಲಿಲ್ಲ. ಹಳ್ಳಿಶಾಲೆಗಳ ಶಿಕ್ಷಕಿಯರಲ್ಲಿ ಇದು ನನ್ನೊಬ್ಬಳ ಕಥೆಯಲ್ಲ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ನಮ್ಮ ಕ್ಲಸ್ಟರ್ ಸಭೆಯಲ್ಲಿ ಮೆಲ್ಲನೆ ವಿಚಾರಿಸಿದಾಗ ಮೂವರು ತಕ್ಷಣ ತಲೆಯಾಡಿಸಿದರು. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ನಾನು ವಿಷಯವನ್ನು ಬರೆದುಕೊಟ್ಟೆ, ಮೇಷ್ಟ್ರು ಓದಿದರು. ಗಂಡಸರು ನೆಲ ನೋಡಿದರು. ಸಮಿತಿಯಲ್ಲಿದ್ದ ತಾಯಂದಿರಿಗೆ ಮಾತ್ರ ಎರಡನೆಯ ವಾಕ್ಯ ಬೇಕಾಗಲಿಲ್ಲ. ಒಂದು ಚಿಲಕ, ಒಂದು ಪ್ಲಾಸ್ಟಿಕ್ ತೊಟ್ಟಿ, ಹತ್ತಡಿ ಪೈಪು, ಇಷ್ಟೇ ಬೇಕಾಗಿದ್ದದ್ದು. ದಸರೆ ರಜೆ ಮುಗಿಯುವಷ್ಟರಲ್ಲಿ ಕೆಲಸವಾಗಿತ್ತು, ಹೆಣ್ಣುಮಕ್ಕಳಿಗೂ ಅನುಕೂಲವಾಯಿತು. ಶಿಕ್ಷಕರ ಆರೈಕೆಯೆಂದರೆ ಧ್ಯಾನ, ಪ್ರಾಣಾಯಾಮ ಎಂದು ತರಬೇತಿಗಳಲ್ಲಿ ಕೇಳುವಾಗಲೆಲ್ಲ ನನಗೆ ಆ ಚಿಲಕ ನೆನಪಾಗುತ್ತದೆ.

ಇನ್ನು ಕೋಣೆಯೊಳಗಿನ ವಿಷಯ. ನಲಿಕಲಿ ಪದ್ಧತಿ ಆರಂಭವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಮಕ್ಕಳು ಕಲಿಕಾ ಏಣಿಯ ಮೇಲೆ ತಮ್ಮ ತಮ್ಮ ಮೈಲಿಗಲ್ಲು ನೋಡಿಕೊಂಡು, ಕಾರ್ಡು ತೆಗೆದುಕೊಂಡು, ತಟ್ಟೆಗಳೆಂದು ಕರೆಯುವ ಗುಂಪುಗಳಲ್ಲಿ ಕುಳಿತು ಕಲಿಯುವ ಪದ್ಧತಿಯದು. ಶಿಕ್ಷಕರ ಪೂರ್ಣ ಬೆಂಬಲ ಬೇಕಾದ ತಟ್ಟೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು ನಾಲ್ಕೈದು ಮಕ್ಕಳಿಗೆ ಮಾತ್ರ ಕೇಳಿಸುವಂತೆ ಮಾತನಾಡಿದರೆ ಸಾಕು. ಉಳಿದವರು ಗೆಳೆಯರ ನೆರವಿನಿಂದಲೋ ತಾವಾಗಿಯೋ ಕೆಲಸ ಮಾಡಬೇಕು. ಎಷ್ಟೋ ತರಬೇತಿಗಳಲ್ಲಿ ಕುಳಿತೆದ್ದು ಬಂದ ನಾನು ವಾಸ್ತವದಲ್ಲಿ ಮಾಡುತ್ತಿದ್ದುದೇನೆಂದರೆ, ಒಂದು ತಟ್ಟೆಯ ಬಳಿ ಕುಳಿತುಕೊಂಡೇ ಇನ್ನು ನಾಲ್ಕು ತಟ್ಟೆಗಳಿಗೆ ಅಲ್ಲಿಂದಲೇ ಕೂಗಿ ಹೇಳುವುದು. ಕೂಗದೆ ನಡೆಯಲೆಂದೇ ಕಟ್ಟಿದ ಪದ್ಧತಿಯನ್ನು ಕೂಗಿ ನಡೆಸುತ್ತಿದ್ದೆನೆಂದು ತಿಳಿಯಲು ಧ್ವನಿ ಹೋಗಬೇಕಾಯಿತು.

ಒಂದು ಹಳೆಯ ಸೈಕಲ್ ಗಂಟೆಯನ್ನು ಮರದ ತುಂಡಿಗೆ ಬಡಿಸಿ ಮೇಜಿನ ಮೇಲಿಟ್ಟೆ. ಒಂದು ಸಲ ಬಾರಿಸಿದರೆ ಕೈಯಲ್ಲಿರುವುದನ್ನು ಕೆಳಗಿಟ್ಟು ನನ್ನ ಕಡೆ ನೋಡಬೇಕು, ಎರಡು ಸಲ ಬಾರಿಸಿದರೆ ತಟ್ಟೆ ಬದಲಿಸಬೇಕು. ಮೊದಲ ವಾರ ಗಂಟೆಯ ಸದ್ದಿಗೆ ಮಕ್ಕಳೂ ಸದ್ದು ಸೇರಿಸಿದ್ದರಿಂದ ಸಂತೆಯಾಯಿತು. ಎರಡನೆಯ ವಾರದಿಂದ ಹಿಡಿತಕ್ಕೆ ಬಂದಿತು. ಹತ್ತು ಹೆಜ್ಜೆ ದೂರದ ಮಗುವಿಗೆ ಏನಾದರೂ ಹೇಳಬೇಕಾದರೆ ಎದ್ದು ಹತ್ತಿರ ಹೋಗಿಯೇ ಹೇಳುವುದೆಂಬ ನಿಯಮವನ್ನು ನನಗೆ ನಾನೇ ಹಾಕಿಕೊಂಡೆ. ಮಳೆ ಜೋರಾದ ಕೂಡಲೇ ಮಾತಿನ ಪಾಠ ನಿಲ್ಲಿಸಿ, ಗೋಡೆಯ ಕೆಳಭಾಗದಲ್ಲಿರುವ ಮಕ್ಕಳ ಕಪ್ಪುಹಲಗೆಗಳಲ್ಲಿ ಬರೆಸುವುದು, ಚಿತ್ರ, ಎಣಿಕೆಯ ಕಡ್ಡಿಗಳ ಕೆಲಸ ಮಾಡಿಸುವುದು, ಕಥೆಯನ್ನು ಮಳೆ ನಿಂತ ಹೊತ್ತಿಗೆ ಉಳಿಸಿಕೊಳ್ಳುವುದು ರೂಢಿಯಾಯಿತು. ಕಪ್ಪುಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸತೊಡಗಿದ ಮೇಲೆ ಸೀಮೆಸುಣ್ಣದ ಧೂಳೂ ತಗ್ಗಿತು. ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಮೈಕನ್ನೂ ಕೊಂಡೆ, ಆದರೆ ಅದನ್ನು ಪ್ರಾರ್ಥನೆ ಮತ್ತು ಪೋಷಕರ ಸಭೆಗೆ ಮಾತ್ರ ಬಳಸುತ್ತೇನೆ. ಆ ಚಿಕ್ಕ ಕೋಣೆಯಲ್ಲಿ ಮೈಕು ಮಕ್ಕಳ ಧ್ವನಿಯನ್ನೂ ಏರಿಸುತ್ತದೆ.

ಮನಸ್ಸಿನ ವಿಷಯ ಇಷ್ಟು ಸಲೀಸಾಗಿ ಹಿಡಿತಕ್ಕೆ ಬರಲಿಲ್ಲ. ಸ್ವರವಿಲ್ಲದ ಆ ತಿಂಗಳುಗಳಲ್ಲಿ ನಾನು ಯಾರಿಗೂ ಬೇಡವಾದವಳೆಂಬ ಭಾವನೆ ಗಟ್ಟಿಯಾಗುತ್ತಾ ಹೋಯಿತು, ನಿದ್ದೆ ಕೆಟ್ಟಿತು. ಒಂದು ರಾತ್ರಿ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಕರೆ ಮಾಡಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಉಚಿತ ಸೇವೆ ದಿನದ 24 ಗಂಟೆಯೂ ದೊರೆಯುತ್ತದೆ, ಕನ್ನಡದಲ್ಲೇ ಮಾತನಾಡುತ್ತಾರೆ. ನನ್ನ ಮಾತು ಕೇಳಿಸಿಕೊಂಡವರು ಉಪದೇಶ ಮಾಡಲಿಲ್ಲ; ರಾತ್ರಿ ಮಲಗುವ ಮುನ್ನ ಕೊನೆಯದಾಗಿ ಏನು ಮಾಡುತ್ತೀರಿ ಎಂದು ಕೇಳಿದರು. ನಾನು ಮಾಡುತ್ತಿದ್ದುದು ವಾಟ್ಸ್ಆ್ಯಪ್ ನೋಡುವುದು. ಹಾಲಿನ ಪುಡಿಯ ದಾಸ್ತಾನು, ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ಪಡೆದವರೆಷ್ಟು, ಮಕ್ಕಳ ಮಾಹಿತಿ ತುಂಬುವ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಬಾಕಿ ಉಳಿದ ದಾಖಲೆಗಳೆಷ್ಟು, ಎಲ್ಲವೂ ‘ಇಂದೇ, ತುರ್ತು’. ಅಂದಿನಿಂದ ರಾತ್ರಿ ಎಂಟಕ್ಕೆ ಒಮ್ಮೆ ನೋಡಿ, ಕೊಡಬೇಕಾದ ಮಾಹಿತಿ ಕೊಟ್ಟು, ಫೋನನ್ನು ನಡುಮನೆಯಲ್ಲಿ ಚಾರ್ಜಿಗೆ ಇಟ್ಟು ಮಲಗುತ್ತೇನೆ. ಎರಡು ಬಾರಿ ಅಧಿಕಾರಿಗಳು ವಿವರಣೆ ಕೇಳಿದರು, ಕೊಟ್ಟೆ. ಅಷ್ಟಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ.

ಸೆಪ್ಟೆಂಬರ್ 5ರ ಭಾಷಣಗಳಲ್ಲಿ ಶಿಕ್ಷಕರನ್ನು ತಾನು ಉರಿದು ಬೆಳಕು ಕೊಡುವ ಮೇಣದಬತ್ತಿಗೆ ಹೋಲಿಸುವುದು ವಾಡಿಕೆ. ಉರಿದು ಮುಗಿದ ಬತ್ತಿ ಮರುದಿನದ ಪ್ರಾರ್ಥನೆಗೆ ಬರುವುದು ಹೇಗೆಂದು ಯಾರೂ ಹೇಳುವುದಿಲ್ಲ. ನನಗೆ ಧೈರ್ಯ ಬಂದದ್ದು ಬೇರೆ ಕಡೆಯಿಂದ. ಕ್ಲಸ್ಟರ್ ಸಭೆಯಲ್ಲಿ ತಲೆಯಾಡಿಸಿದ ಆ ಮೂವರು ಮತ್ತು ನಾನು ಈಗ ಪ್ರತಿ ಸಭೆಯ ದಿನ ಊಟದ ಡಬ್ಬಿಗಳನ್ನು ಒಟ್ಟಿಗೆ ಬಿಚ್ಚುತ್ತೇವೆ. ಆ ತಿಂಗಳು ಯಾವ ಮಗು ಯಾವ ಮೈಲಿಗಲ್ಲು ದಾಟಿತು, ಯಾವುದು ಎಲ್ಲಿ ಸಿಕ್ಕಿಕೊಂಡಿದೆ ಎಂಬ ಮಾತೇ ಹೆಚ್ಚು. ಅಧಿಕಾರಿಗಳ ಮೇಲಿನ ದೂರಿಗೆ ಹತ್ತು ನಿಮಿಷ ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದೇವೆ, ಅದು ಇಪ್ಪತ್ತಾಗುವುದೂ ಉಂಟು. ‘ಒತ್ತಕ್ಷರ ಬರೆಯದ ಹುಡುಗನಿಗೆ ಮರಳಿನಲ್ಲಿ ಬರೆಸಿ ನೋಡಿ’ ಎಂದು ಅವರಲ್ಲೊಬ್ಬರು ಹೇಳಿದ್ದು ಫಲಿಸಿದ ದಿನ, ಯಾವ ಪ್ರಶಸ್ತಿಪತ್ರಕ್ಕೂ ಬರದ ಹಿಗ್ಗು ಬಂದಿತು.

ಕಟ್ಟಿಕೊಂಡ ಅಭ್ಯಾಸಗಳಿಗೆ ದೊಡ್ಡ ಪರೀಕ್ಷೆ ಬಂದದ್ದು 2025ರಲ್ಲಿ. ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ನಾವು ಮನೆಮನೆ ತಿರುಗಿದೆವು, ದಸರೆ ರಜೆ ಅದರಲ್ಲೇ ಕಳೆಯಿತು. ದಿನವಿಡೀ ಅವೇ ಪ್ರಶ್ನೆಗಳನ್ನು ಕೇಳುವ ಕೆಲಸದಲ್ಲಿ ಗಂಟಲು ಮತ್ತೆ ಕೈಕೊಡುವುದೆಂದು ಹೆದರಿದ್ದೆ. ಚೀಲದಲ್ಲಿ ನೀರಿನ ಬಾಟಲಿ ಇಟ್ಟುಕೊಂಡೆ, ಅಂಗಳದಿಂದ ಕೂಗಿ ಕರೆಯದೆ ಬಾಗಿಲು ತಟ್ಟಿದೆ, ಪರಿಚಯದ ಮನೆಗಳಲ್ಲಿ ಸಂಕೋಚ ಬಿಟ್ಟು ಬಚ್ಚಲುಮನೆ ಕೇಳಿದೆ. ಸಂಜೆಗೆ ಸ್ವರ ದಪ್ಪವಾದರೂ ಒಡೆಯಲಿಲ್ಲ.

ಕಳೆದ ತಪಾಸಣೆಯಲ್ಲಿ ಒಂದು ಕಡೆಯ ಗಂಟು ಪೂರ್ತಿ ಕರಗಿದೆ, ಇನ್ನೊಂದು ಕಡೆ ಸ್ವಲ್ಪ ಉಳಿದಿದೆ ಎಂದರು. ಸ್ಟ್ರಾ ಅಭ್ಯಾಸ ಬಿಟ್ಟ ವಾರ ಅದು ನೆನಪು ಮಾಡಿಕೊಡುತ್ತದೆ. ಮೊನ್ನೆ ಮೇಷ್ಟ್ರು ಮೂರು ವಾರದಿಂದ ಒಡೆದ ದನಿಯಲ್ಲಿ ಐದನೆಯ ತರಗತಿಗೆ ಭಾಗಾಕಾರ ಹೇಳಿಕೊಡುತ್ತಿದ್ದುದನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡೆ. ಗುರುವಾರಕ್ಕೆ ಅವರ ಹೆಸರಿನಲ್ಲಿ ವೈದ್ಯರ ಸಮಯ ಗೊತ್ತುಮಾಡಿ, ಆ ದಿನ ಐದೂ ತರಗತಿಗಳನ್ನು ನಾನೇ ನೋಡಿಕೊಳ್ಳುತ್ತೇನೆಂದೆ. ಶಾಲೆಗೆ ಬಂದರೆ ಹಾಜರಿ ಪುಸ್ತಕ ಕೊಡುವುದಿಲ್ಲವೆಂದೂ ಸೇರಿಸಿದೆ.