ಗೋಕರ್ಣದ ಅಲೆಗಳನ್ನು ದರೆಯ ಮೇಲಿಂದಲೇ ಹಿಡಿದೆ

"ಅಲೆಯ ಫೋಟೋ ಬೇಕು ಅಂದ್ರೆ ಬಂಡೆಗೆ ಇಳೀಲೇಬೇಕು." ಮೂರು ವರ್ಷ ಇದೇ ಮಾತು ಕೇಳಿದೆ. ಮೇಲಿಂದ ತೆಗೆದರೆ ಅಲೆ ಚಪ್ಪಟೆಯಾಗಿ ಕಾಣುತ್ತದೆ, ಜೀವ ಇರಲ್ಲ ಅಂತ ನಮ್ಮ ಗುಂಪಿನವರ ವಾದ. ಹೋದ ಸೆಪ್ಟೆಂಬರಿನಲ್ಲಿ ಓಂ ಬೀಚಿಂದ ಹಾಫ್ ಮೂನ್ ಬೀಚಿನ ಕಡೆ ಹೋಗುವ ಗುಡ್ಡದ ದರೆಯ, ಅಂದ್ರೆ ಕಡಿದಾದ ಅಂಚಿನ, ಮೇಲೆ ನಿಂತು ನಾಲ್ಕು ಸಂಜೆಯಲ್ಲಿ ಹನ್ನೊಂದು ಒಳ್ಳೇ ಫ್ರೇಮ್ ತಂದೆ. ಕಾಲಿಗೆ ಒಂದು ಹನಿ ಉಪ್ಪುನೀರು ತಾಗಲಿಲ್ಲ. ಪ್ರಿಂಟ್ ನೋಡಿದ ಮೇಲೆ ಅದೇ ಗೆಳೆಯರು ಮೊದಲು ಕೇಳಿದ್ದು "ಎಲ್ಲಿ ನಿಂತಿದ್ದೆ?" ಅಂತ.

ಮೊದಲು ನಾನೂ ಕೆಳಗೇ ಇಳಿದವನು. ಮೊದಲ ವರ್ಷ ಜುಲೈನಲ್ಲಿ ಅಲ್ಲೇ ಕುಡ್ಲೆ ಬೀಚಿನ ತುದಿಯ ಬಂಡೆ ಮೇಲೆ ಟ್ರೈಪಾಡ್ ಇಟ್ಟೆ. ಹತ್ತು ನಿಮಿಷ ಎಲ್ಲಾ ಸರಿ ಇತ್ತು. ಆಮೇಲೆ ಬಂದ ಒಂದು ಅಲೆ ಸೊಂಟದವರೆಗೆ ಬಂತು. ಕ್ಯಾಮೆರಾ ಕೈಲಿ ಉಳಿಯಿತು, ಟ್ರೈಪಾಡ್ ಹೋಯಿತು. ಅದಕ್ಕೆ ಏಳು ಸಾವಿರ ಕೊಟ್ಟಿದ್ದೆ. ಲೆನ್ಸಿನೊಳಗೆ ಉಪ್ಪುನೀರು ಹೋಗಿ ರಿಪೇರಿಗೆ ಹದಿನೆಂಟು ಸಾವಿರದ ಹತ್ತಿರ ಆಯಿತು. ವಾಪಸ್ ಬಂದ ಮೇಲೂ ಫೋಕಸ್ ರಿಂಗ್ ಮರಳು ಅರೆದ ಹಾಗೆ ಕರಕರ ಅನ್ನುತ್ತಿತ್ತು. ಬಸ್ಸು, ಲಾಡ್ಜು, ಊಟ ಸೇರಿ ಒಂದೊಂದು ಟ್ರಿಪ್ಪಿಗೆ ನಾಲ್ಕೂವರೆ, ಐದು ಸಾವಿರ. ಹೀಗೆ ಆರು ಸಲ ಹೋಗಿದ್ದೇನೆ. ಲೆಕ್ಕ ನೀವೇ ಹಾಕಿ.

ಅವತ್ತು ಒದ್ದೆಯಾಗಿ ನಡುಗುತ್ತಾ ಕೂತಿದ್ದಾಗ ಗಾಳ ಹಾಕಲು ಬಂದ ಅಜ್ಜರೊಬ್ಬರು ಹತ್ತಿರ ಬಂದರು. "ತಮಾ, ಕಲ್ಲು ಒದ್ದೆ ಇದ್ದಲ್ಲಿಗೆ ಅಲೆ ಒಂದ್ಸಲ ಬಂದು ಹೋಗಿದೆ ಅಂತ್ಲೇ ಲೆಕ್ಕ. ನೀ ನಿಂತಿದ್ದು ಅದೇ ಕಲ್ಲು" ಅಂದರು. ನಾನು "ಹೌದು ಅಜ್ಜಾ" ಅಂದೆ, ಬೇರೆ ಮಾತು ಹೊರಡಲಿಲ್ಲ. ಮೇಲಿಂದ ತೆಗೆಯುವ ಯೋಚನೆ ಬಂದದ್ದು ಆ ರಾತ್ರಿಯೇ.

ಎರಡನೇ ವರ್ಷ ಮೇಲೆ ನಿಂತೂ ಸೋತೆ. ತಪ್ಪಿದ್ದು ದಿನ ಆರಿಸಿದ್ದರಲ್ಲಿ. ಎಲ್ಲರ ಹಾಗೆ ಹುಣ್ಣಿಮೆ ನೋಡಿಕೊಂಡು ಹೋಗಿದ್ದೆ, ಭರತ, ಅಂದ್ರೆ ಸಮುದ್ರದ ನೀರಿನ ಏರಿಕೆ, ದೊಡ್ಡದಿರುತ್ತದೆ ಅಂತ. ಆದರೆ ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗೆ ಭರತ ಬರುವುದು ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ. ಸಂಜೆ ಬೆಳಕು ಚೆನ್ನಾಗಿರುವ ಹೊತ್ತಿಗೆ ಇಳಿತ. ಅಲೆ ಎಲ್ಲಾ ಹೊರಗಿನ ಬಂಡೆಗಳಲ್ಲೇ ಒಡೆದು ಸುಸ್ತಾಗುತ್ತವೆ, ದರೆಯ ಬುಡಕ್ಕೆ ಬರುವಾಗ ಬರೀ ನೊರೆ. ಭರತ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದಲ್ವಾ? ಹಾಗಾಗಿ ನಾನೀಗ ಹೋಗುವುದು ದಶಮಿ, ಏಕಾದಶಿಯ ಆಸುಪಾಸಿಗೆ. ಆಗ ಭರತ ಸಂಜೆ ಏಳು, ಎಂಟು ಗಂಟೆಗೆ. ಐದೂವರೆಯಿಂದ ನೀರು ಏರುತ್ತಾ ಇರುತ್ತದೆ, ಅಲೆ ನೇರ ಬಂಡೆಗೆ ಬಡಿದು ಮೇಲಕ್ಕೆ ಹತ್ತುತ್ತದೆ. ಏರಿಳಿತ ಕಡಿಮೆ ಇರುವ ದಿನಗಳು ಇವು, ಫೋಟೋ ಸಿಗಲ್ಲ ಅಂತ ಎಲ್ಲರೂ ಅಂದರು. ಆದರೆ ಅಲೆಯ ಗಾತ್ರಕ್ಕೆ ಬೇಕಾದ್ದು ದೂರದಿಂದ ಬರುವ ಅಲೆಯ ಜೋರು. ಅದಕ್ಕೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಸಮುದ್ರ ಮುನ್ಸೂಚನೆ ನೋಡಿದರೆ ಸಾಕು. ಪಂಚಾಂಗದಲ್ಲಿ ಗುರುತು ಹಾಕಿದರೂ ಹೊರಡುವ ಮುಂಚೆ ಭರತದ ಪಟ್ಟಿ ಒಮ್ಮೆ ನೋಡಿಯೇ ಹೊರಡುತ್ತೇನೆ.

ಈಗ ಕ್ಯಾಮೆರಾ ವಿಷಯ. ದೂರದ್ದನ್ನು ಹತ್ತಿರ ತರುವ ಎಪ್ಪತ್ತು-ಇನ್ನೂರು ಎಂಎಂ ಲೆನ್ಸ್, ನೀರಿನ ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್. ಮೋಡ ಇದ್ದರೆ ಬೆಳಕು ಕಡಿಮೆ ಮಾಡುವ ಎನ್‌ಡಿ ಫಿಲ್ಟರ್ ಚೀಲದಲ್ಲೇ ಇರುತ್ತದೆ. ಅರ್ಧ ಸೆಕೆಂಡಿನಲ್ಲಿ ತೆಗೆದಾಗ ಅಲೆ ಹಾಲು ಚೆಲ್ಲಿದ ಹಾಗೆ ಆಯಿತು. ಎಂಟನೇ ಒಂದರಿಂದ ಹದಿನೈದನೇ ಒಂದು ಸೆಕೆಂಡಿನ ನಡುವೆ ನೀರಿನ ಎಳೆಗಳು ಉಳಿಯುತ್ತವೆ. ಬಂಡೆಯಿಂದ ವಾಪಸ್ ಇಳಿಯುವ ನೀರು ಹತ್ತಿಪ್ಪತ್ತು ಬಿಳಿ ದಾರಗಳಾಗಿ ಬಿರುಕುಗಳಲ್ಲಿ ಹರಿಯುತ್ತದೆ. ಒಂದು ದಾರ ಮುಗಿಯುವ ಮುಂಚೆ ಇನ್ನೊಂದು ಅಲೆ ಬಂದು ಅದರ ಕೆಳಗೆ ಒಡೆಯುತ್ತದೆ. ಆ ಕ್ಷಣ ಮೇಲಿಂದಲೇ ಕಾಣುವುದು. ಕೆಳಗೆ ನಿಂತವನಿಗೆ ಮುಂದಿನ ಅಲೆ ಅಡ್ಡ ಬರುತ್ತದೆ.

ಅಲೆ ಎಣಿಸಿ. ಏಳೆಂಟು ಸಣ್ಣವು ಬಂದ ಮೇಲೆ ಮೂರ್ನಾಲ್ಕು ದೊಡ್ಡವು ಸಾಲಾಗಿ ಬರುತ್ತವೆ. ಪ್ರತಿಸಲ ಇದೇ ಲೆಕ್ಕ ಇರಲ್ಲ, ಅವತ್ತಿನ ಲೆಕ್ಕ ಅವತ್ತೇ ಹಿಡಿಯಬೇಕು. ಮೊದಲ ಇಪ್ಪತ್ತು ನಿಮಿಷ ನಾನು ಕ್ಯಾಮೆರಾ ಹೊರಗೇ ತೆಗೆಯಲ್ಲ. ದೊಡ್ಡ ಅಲೆ ಬರುವುದು ಮುಂಚೆಯೇ ತಿಳಿಯಲು ಇನ್ನೊಂದು ಗುರುತು ಇದೆ. ಅದು ಸದ್ಯ ನನ್ನ ಹತ್ತಿರವೇ ಇರಲಿ. ಗುಡ್ಡದಲ್ಲಿ ಸರಿಯಾಗಿ ಎಲ್ಲಿ ನಿಂತೆ ಅಂತಲೂ ಹೇಳುವುದಿಲ್ಲ. ಅಲ್ಲಿ ನಿಲ್ಲಲು ಇಬ್ಬರಿಗಷ್ಟೇ ಜಾಗ, ಮೂರನೆಯವರು ಅಂಚಿಗೆ ಹೋಗಬೇಕಾಗುತ್ತದೆ.

ಅಂಚಿನ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮಳೆಗಾಲದಲ್ಲಿ ಚಿರೆಕಲ್ಲಿನ (ಕೆಂಪು ಮುರಕಲ್ಲಿನ) ದರೆ ನಂಬಬೇಡಿ. ಮೇಲೆ ಹುಲ್ಲು ಹಸಿರಾಗಿ ಕಾಣುತ್ತದೆ, ಕೆಳಗೆ ಮಣ್ಣು ಕುಸಿದು ಟೊಳ್ಳಾಗಿರುತ್ತದೆ. ನನ್ನ ಬೂಟಿನಿಂದ ಎರಡು ಮಾರು ಮುಂದೆ ಒಂದು ಬುಟ್ಟಿಯಷ್ಟು ಕಲ್ಲು ಸದ್ದಿಲ್ಲದೆ ಜಾರಿ ಹೋದದ್ದನ್ನು ಕಣ್ಣಾರೆ ನೋಡಿದ್ದೇನೆ. ಎಂಟು ಅಡಿ ಹಿಂದೆಯೇ ನಿಲ್ಲುತ್ತೇನೆ. ಆ ಎಂಟು ಅಡಿಯಿಂದ ಫ್ರೇಮಿನಲ್ಲಿ ಏನೂ ಕಳೆದುಕೊಂಡಿಲ್ಲ.

ಗಾಳಿಗೆ ಟ್ರೈಪಾಡ್ ಅಲುಗುವುದೇ ದೊಡ್ಡ ತಲೆನೋವು. ನಡುಗಂಬಕ್ಕೆ ಚೀಲ ತೂಗುಹಾಕಿದೆ, ಚೀಲವೇ ಜೋಲಿ ಹೊಡೆದು ಇನ್ನೂ ಕೆಟ್ಟಿತು. ಈಗ ಚೀಲವನ್ನು ನೆಲಕ್ಕೆ ತಾಗಿಸಿ, ಹಗ್ಗ ಬಿಗಿದು ಕಟ್ಟುತ್ತೇನೆ. ಕಾಲುಗಳನ್ನು ಅರ್ಧ ಮಾತ್ರ ಎಳೆದು, ಮಂಡಿಯೂರಿ ಕೂರುತ್ತೇನೆ. ಕೊಡೆ ಹಿಡಿದು ನೋಡಿದೆ, ಎರಡು ಕೊಡೆ ಮುರಿದವು. ಪಾಚಿಯ ದಾರಿಗೆ ಶೂ ಸುತ್ತ ತೆಂಗಿನ ನಾರಿನ ಹಗ್ಗ ಸುತ್ತಿದ್ದು ಮಾತ್ರ ಚೆನ್ನಾಗಿ ಕೆಲಸ ಮಾಡಿತು. ಮೂವತ್ತು ರೂಪಾಯಿ ಹಗ್ಗ, ಎರಡು ದಿನ ಬಂತು. ಒದ್ದೆ ಕ್ಯಾಮೆರಾವನ್ನು ಅಕ್ಕಿ ಡಬ್ಬದಲ್ಲಿ ಇಡುವುದು ಸುಮ್ನೆ ಕೆಲಸ, ಹಿಟ್ಟಿನ ಧೂಳು ಬಟನ್ ಸಂದಿಗೆ ಸೇರುತ್ತದೆ. ಸಿಲಿಕಾ ಜೆಲ್ ತಗೊಳ್ಳಿ.

ಆ ಹನ್ನೊಂದರಲ್ಲಿ ಎರಡು ಪ್ರಿಂಟನ್ನು ಹೋಂಸ್ಟೇ ನಡೆಸುವವರೊಬ್ಬರು ಕೊಂಡರು, ಒಟ್ಟು ಹದಿನಾಲ್ಕು ಸಾವಿರ ಸಿಕ್ಕಿತು. ಹೋದ ಟ್ರೈಪಾಡಿನ ದುಡ್ಡು ಬಂತು, ರಿಪೇರಿಯದ್ದು ಇನ್ನೂ ಬಾಕಿ. ಮುಂದಿನ ದಶಮಿಗೆ ಉಡುಪಿ ಹತ್ತಿರದ ಕಾಪು. ಅಲ್ಲಿ ದೀಪಸ್ತಂಭದ ಬಂಡೆ ಮೇಲಿಂದ ಇದೇ ಲೆಕ್ಕ ನಡೆಯುತ್ತದಾ ನೋಡಬೇಕು. ರಾತ್ರಿ ಬಸ್ಸಿಗೆ ಸೀಟು ಮಾಡಿಸಿದ್ದೇನೆ.